ನಲವತ್ತು ಚೀಲದ ಜಾಗ

ಕತೆ ಹೇಳ್ತೀನಿ, ಕೇಳಿ. ಆದರೆ ನಡುನಡುವೆ ಬಾಯಿ ಹಾಕಿ ಬುದ್ಧಿ ಹೇಳೋಕೆ ಮಾತ್ರ ಬರಬೇಡಿ. ಬುದ್ಧಿ ಹೇಳಿ ಹೇಳಿಯೇ ದಾವಣಗೆರೆಯ ಹಾಲಮ್ಮ ಅರ್ಧ ಸವೆದು ಹೋದಳು.

ಹಾಲಮ್ಮನಿಗೆ ಒಂದು ಮಂಡಕ್ಕಿ ಭಟ್ಟಿ, ಒಂದು ಹಳೇ ಪಿಕಪ್ ಗಾಡಿ, ಒಬ್ಬ ಮಗ. ಭಟ್ಟಿ ಚೆನ್ನಾಗಿ ಉರಿಯುತ್ತಿತ್ತು. ಗಾಡಿ ಹೇಗೋ ಓಡುತ್ತಿತ್ತು. ಮಗ ಹೇಳಿದ್ದನ್ನೇ ಮಾಡುತ್ತಿದ್ದ. ಹೇಳಿದ್ದು ಮಾಡುವ ಮಗ ಇದ್ದರೆ ಪುಣ್ಯ ಅಂತೀರಾ? ಕರಕೊಂಡು ಹೋಗಿ, ಒಂದು ವಾರ ಇಟ್ಟುಕೊಂಡು ನೋಡಿ, ಆಮೇಲೆ ಮಾತಾಡೋಣ.

ಅವನ ಹೆಸರು ತಿಪ್ಪೇಶಿ. ಮೂವತ್ತು ದಾಟಿತ್ತು, ಮೀಸೆ ದಪ್ಪ ಇತ್ತು, ತಲೆ ಒಳಗೆ ಗಾಳಿ ಧಾರಾಳ ಆಡುತ್ತಿತ್ತು. "ಹಾಲು ಉಕ್ಕುತ್ತೆ, ನೋಡ್ತಿರಲೇ" ಅಂತ ಹಾಲಮ್ಮ ಹೇಳಿದರೆ ಒಲೆ ಮುಂದೆ ಕೂತು ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಹಾಲೆಲ್ಲ ಒಲೆ ಪಾಲಾದ ಮೇಲೆ ಎದ್ದು, "ಉಕ್ಕಿತವ್ವಾ, ಪೂರ್ತಿ ನೋಡಿದೆ" ಅನ್ನುತ್ತಿದ್ದ. ಗಾಡಿ ಓಡಿಸೋದು ಒಂದು ಮಾತ್ರ ಅವನಿಗೆ ಚೆನ್ನಾಗಿ ಬರುತ್ತಿತ್ತು. ಸ್ಟೇರಿಂಗ್ ಯಾರಿಗೂ ಬುದ್ಧಿ ಹೇಳೋದಿಲ್ಲವಲ್ಲ, ಅದಕ್ಕೆ.

ಹಾಲಮ್ಮನ ಮಂಡಕ್ಕಿಯನ್ನು ಹರಿಹರದ ಸಗಟು ವ್ಯಾಪಾರಿ ಮೈನುದ್ದೀನ್ ಸಾಹೇಬರು ಕೊಳ್ಳುತ್ತಿದ್ದರು. ಮಂಡಕ್ಕಿ ಚೀಲ ನೋಡಿದ್ದೀರಲ್ಲ? ನೋಡೋಕೆ ಆನೆಮರಿ, ಎತ್ತಿದರೆ ಅರಳೆ. ತೂಕ ಏನೇನೂ ಇಲ್ಲ, ಜಾಗ ಮಾತ್ರ ಬೇಕಾದಷ್ಟು ತಿನ್ನುತ್ತೆ. ಹಳೇ ಪಿಕಪ್ಪಿನಲ್ಲಿ ಎಷ್ಟು ತಿಣುಕಿದರೂ ಇಪ್ಪತ್ತೆರಡು ಚೀಲ ಹಿಡಿಯುತ್ತಿತ್ತು. ಒಂದು ದಿನ ಸಾಹೇಬರು ಹಾಲಮ್ಮನಿಗೆ ಫೋನ್ ಮಾಡಿದರು.

"ಹಾಲಮ್ಮಾರೆ, ಬರೋ ಸೋಮವಾರದಿಂದ ನನಗೆ ದಿನಾ ನಲವತ್ತು ಚೀಲ ಬೇಕು. ಒಂದೇ ಸಲಕ್ಕೆ ಬರಬೇಕು. ಬೆಳಿಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು ಅಂದ್ರೆ ನನ್ನ ಗಿರಾಕಿ ನಿಲ್ಲಲ್ಲ. ನಿಮ್ಮ ಕೈಯಲ್ಲಾಗದಿದ್ರೆ ಹೇಳಿಬಿಡ್ರಿ. ಮಿಷನ್ ಮಂಡಕ್ಕಿಯೋರು ದೊಡ್ಡ ಗಾಡಿ ತಂದು ಬಾಗಿಲಲ್ಲೇ ನಿಂತಾರೆ."

ಸಾಹೇಬರು ಕೈಬಿಟ್ಟರೆ ಭಟ್ಟಿ ಆರುತ್ತೆ. ಹತ್ತೊಂಬತ್ತು ವರ್ಷ ಆರದ ಬೆಂಕಿ. ಅದನ್ನೇ ನಂಬಿಕೊಂಡು ಆರು ಜನ ಹೆಂಗಸರು ಬತ್ತ ಹುರಿಯುತ್ತಿದ್ದರು. ಹಾಗಂತ ದೊಡ್ಡ ಗಾಡಿ ತರೋಣ ಅಂದರೆ ಹಳೇದನ್ನು ಬದಲಿಗೆ ಕೊಡಬೇಕು. ಅದು ಸತ್ತ ಗಂಡ ತಂದಿದ್ದ ಗಾಡಿ. ಅವನು ತನ್ನ ಕೈಯಾರೆ ಸ್ಟೇರಿಂಗಿಗೆ ಸುತ್ತಿದ ಕೆಂಪು ದಾರ ಇನ್ನೂ ಹಾಗೇ ಇತ್ತು. ಕೊಡಲೋ, ಬೇಡವೋ? ಹಾಲಮ್ಮನಿಗೆ ಅನ್ನ ಸೇರಲಿಲ್ಲ.

"ಮೊದಲು ಇದ್ರಲ್ಲೇ ಹಿಡಿತಾವೇನೋ ನೋಡೋಣ" ಅಂದುಕೊಂಡಳು. ಮಗನನ್ನು ಕರೆದಳು. "ತಿಪ್ಪೇಶೀ, ನಲವತ್ತು ಚೀಲ ಇದ್ರಲ್ಲಿ ಹಿಡಿತಾವಾ ನೋಡು. ಹಿಡಿಲಿಲ್ಲ ಅಂದ್ರೆ ಒಂಚೂರು ಒತ್ತು."

"ಹೇಳಿದಂಗೇ ಮಾಡ್ತೀನವ್ವಾ."

ಒತ್ತಿದ. ಕೈಯಿಂದ ಒತ್ತಿದ, ಆಗಲಿಲ್ಲ. ಮೊಣಕಾಲಿಂದ ಒತ್ತಿದ, ಆಗಲಿಲ್ಲ. ಆಮೇಲೆ ಮೇಲೆ ಹತ್ತಿ ಕುಣಿದ. ಇಪ್ಪತ್ತೆರಡು ಹಿಡಿದವು. ಕುಣಿದ, ಮೂವತ್ತು ಹಿಡಿದವು. ಕುಣಿದ, ಕುಣಿದ, ನಲವತ್ತೂ ಹಿಡಿದವು!

"ಅವ್ವಾ! ಹಿಡಿದವು! ಇನ್ನೂ ಹತ್ತು ಚೀಲಕ್ಕೆ ಜಾಗ ಐತೆ!"

ಹಾಲಮ್ಮ ಓಡಿ ಬಂದು ಒಂದು ಚೀಲದ ಬಾಯಿ ಬಿಚ್ಚಿದಳು. ಒಳಗೆ ಮಂಡಕ್ಕಿ ಎಲ್ಲಿದೆ? ಬರೀ ಹಿಟ್ಟು! ಬೆಳ್ಳಗೆ, ನುಣ್ಣಗೆ, ಮುಖಕ್ಕೆ ಹಚ್ಚಿಕೊಳ್ಳುವ ಹಾಗಿದ್ದ ಹಿಟ್ಟು.

"ಅಯ್ಯೋ ನನ್ನ ಕರ್ಮವೇ!" ಹಣೆ ಹಣೆ ಚಚ್ಚಿಕೊಂಡಳು. "ನಿನ್ನ ಒಂಬತ್ತು ತಿಂಗಳು ಹೊತ್ತೆನಲ್ಲಲೇ, ಬತ್ತ ಹೊತ್ತಿದ್ರೆ ಹುರಿದು ಮಾರಿರ್ತಿದ್ದೆ! ನಾಜೂಕು ಸಾಮಾನಿನ ಮ್ಯಾಲೆ ಕುಣಿತಾರೇನಲೇ? ಎರಡೂ ಕೈಲಿ ಎತ್ತಬೇಕು! ಎದೆಗವಚಿಕೊಂಡು ತರಬೇಕು! ಹಸುಗೂಸಿನಂಗೆ ನೋಡ್ಕಬೇಕು! ತಿಳೀತಾ?"

"ತಿಳೀತವ್ವಾ. ಹಸುಗೂಸಿನಂಗೆ ನೋಡ್ಕತೀನಿ."

ಹಿಟ್ಟಾದ ನಲವತ್ತು ಚೀಲ ಓಣಿಯ ಎಮ್ಮೆಗಳ ಪಾಲಾಯಿತು. ಎಮ್ಮೆಗಳಿಗೆ ತಿಪ್ಪೇಶಿ ಮೇಲೆ ಬಲು ಪ್ರೀತಿ ಬಂತು ಅಂತ ಜನ ಇವತ್ತಿಗೂ ಹೇಳುತ್ತಾರೆ. ಹಾಲಮ್ಮ ಹೊಸದಾಗಿ ಬತ್ತ ನೆನೆಹಾಕಿಸಿದಳು, ಭಟ್ಟಿ ಬಿರುಸು ಮಾಡಿಸಿದಳು.

ಹಳೇ ಗಾಡಿ ಸಾಲದು ಅಂತ ಖಾತ್ರಿ ಆಯಿತು. ಬದಲಿಗೆ ಕೊಡುವುದಾದರೆ ಕೀ ತಿರುವಿದ ಕೂಡಲೇ ಸ್ಟಾರ್ಟ್ ಆಗಬೇಕು, ಇಲ್ಲದಿದ್ದರೆ ಯಾರು ಮೂಸುತ್ತಾರೆ? ಗಾಡಿಯ ಬ್ಯಾಟರಿ ಚಾರ್ಜಿಗೆ ಅಂತ ಮೇಸ್ತ್ರಿ ಜಬೀವುಲ್ಲಾನ ಗ್ಯಾರೇಜಿನಲ್ಲಿ ಕೂತಿತ್ತು.

"ಹೋಗಿ ಬ್ಯಾಟರಿ ತಗಂಬಾ. ಹುಷಾರು!" ಅಂದಳು ಹಾಲಮ್ಮ.

"ಹೇಳಿದಂಗೇ ಮಾಡ್ತೀನವ್ವಾ."

ಹೋದ. ಬ್ಯಾಟರಿಯನ್ನು ಎರಡೂ ಕೈಲಿ ಎತ್ತಿದ. ಎದೆಗವಚಿಕೊಂಡ. "ಅಳಬ್ಯಾಡ, ಅಳಬ್ಯಾಡ, ಬಂತು ಮನೆ ಬಂತು" ಅಂತ ತಟ್ಟುತ್ತಾ ಗಲ್ಲಿ ಗಲ್ಲಿ ನಡೆದ. ಹಸುಗೂಸನ್ನು ಮನೆಗೆ ತಂದ ಮೇಲೆ ಏನು ಮಾಡಬೇಕು? ಎಣ್ಣೆ ನೀರು ಎರೀಬೇಕಲ್ಲ! ಹರಳೆಣ್ಣೆ ಕಾಸಿದ, ಬ್ಯಾಟರಿಗೆ ನೆತ್ತಿ ಮುಚ್ಚುವಷ್ಟು ಹಚ್ಚಿ ತಿಕ್ಕಿದ. ಹಂಡೆ ನೀರು ಕಾಯಿಸಿ, ಕಾಲು ಚಾಚಿ ಕೂತು, ಕಾಲ ಮೇಲೆ ಬ್ಯಾಟರಿ ಮಲಗಿಸಿಕೊಂಡು ಚೊಂಬು ಚೊಂಬು ಹುಯ್ದ. ಒರೆಸಿದ. ಲೋಬಾನದ ಹೊಗೆ ಹಾಕಿದ. ಕೆನ್ನೆ ಯಾವುದು ಅಂತ ಸ್ವಲ್ಪ ಹುಡುಕಬೇಕಾಯಿತು, ಆದರೂ ಒಂದು ಕಡೆ ದೃಷ್ಟಿಬೊಟ್ಟು ಇಟ್ಟ. ಹಳೇ ಸೀರೆಯಲ್ಲಿ ಜೋಲಿ ಕಟ್ಟಿ ತೂಗಿದ.

ಹಾಲಮ್ಮ ಭಟ್ಟಿಯಿಂದ ಬಂದಳು. ಮನೆಯೊಳಗೆ ಜೋಲಿ ತೂಗುತ್ತಿದೆ!

"ಯಾರ ಕೂಸಲೇ ಇದು?"

"ಶ್ಶ್! ಮೆತ್ತಗೆ ಮಾತಾಡವ್ವಾ. ಈಗ ತಾನೇ ಕಣ್ಣು ಮುಚ್ಚೈತೆ."

ಕಣ್ಣು ಮುಚ್ಚಿದ್ದು ಮತ್ತೆ ತೆರೆಯಲಿಲ್ಲ. ಜಬೀವುಲ್ಲಾ ಬಂದು ಮೀಟರ್ ಹಿಡಿದು ನೋಡಿದ. "ನನ್ನ ಸರ್ವೀಸಲ್ಲಿ ಒಡೆದ ಬ್ಯಾಟರಿ ನೋಡೀನಿ, ಸುಟ್ಟ ಬ್ಯಾಟರಿ ನೋಡೀನಿ. ಬಾಣಂತನ ಮಾಡಿಸ್ಕಂಡ ಬ್ಯಾಟರಿ ಇದೇ ಮೊದಲು" ಅಂತ ಹೇಳಿ, ತನ್ನ ಹತ್ತಿರ ಇದ್ದ ಬೇರೊಂದನ್ನು ಕೂರಿಸಿ ಹೋದ.

ಹಾಲಮ್ಮ ಸೌಟು ಹಿಡಿದು ಮಗನನ್ನು ಮೂರು ಸುತ್ತು ಓಡಿಸಿದಳು. "ನಿನ್ನ ತಲೆ ಮ್ಯಾಲೆ ಭಟ್ಟಿ ಉಸುಕು ಸುರಿಯಾ! ಏನಾರ ತಗಂಬಾ ಅಂದ್ರೆ ಹೆಂಗೆ ತರಬೇಕಲೇ? ಗಾಡಿ ಹಿಂದೆ ಹಾಕಬೇಕು! ಅಲ್ಲಾಡದಂಗೆ ಹಗ್ಗ ಬಿಗೀಬೇಕು! ಮ್ಯಾಲೆ ತಾಡಪಾಲು ಹೊದಿಸಬೇಕು! ಹಂಗೆ ತರಬೇಕು!"

"ಅಷ್ಟೇನಾ? ಮೊದಲೇ ಹೇಳಿದ್ರೆ ಹಂಗೇ ತರ್ತಿದ್ದೆ."

ನೋಡಿ, ತಪ್ಪು ಯಾರ ಮೇಲೆ ಬಂತು!

ಗುರುವಾರ ಬಂತು. ಗಾಡಿ ಬದಲಿ ಮಾಡಿಸುವ ದಲ್ಲಾಳಿ ಓಂಕಾರಪ್ಪ ಅಂತ ಒಬ್ಬರಿದ್ದರು. ಹಣೆ ತುಂಬ ವಿಭೂತಿ, ಇಸ್ತ್ರಿ ಮುರಿಯದ ಬಿಳಿ ಅಂಗಿ, ಊರಲ್ಲಿ ದೊಡ್ಡ ಮನುಷ್ಯರು. ಅವರು ಬಂದು ಹಳೇ ಗಾಡಿ ನೋಡಬೇಕು, ಅದಕ್ಕೆ ತಕ್ಕ ದೊಡ್ಡ ಗಾಡಿ ತೋರಿಸಬೇಕು.

"ತಿಪ್ಪೇಶೀ, ಗಾಡಿ ತಗಂಡು ಹೋಗಿ ಓಂಕಾರಪ್ಪೋರನ್ನ ಕರ್ಕಂಬಾರಪ್ಪಾ. ಜ್ವಾಕೆ."

"ಹೇಳಿದಂಗೇ ಮಾಡ್ತೀನವ್ವಾ."

ಅರ್ಧ ಗಂಟೆಗೆ ಗಾಡಿ ವಾಪಸ್ ಬಂತು. ಮುಂದೆ ತಿಪ್ಪೇಶಿ ಒಬ್ಬನೇ.

"ಎಲ್ಲಲೇ ಓಂಕಾರಪ್ಪೋರು?"

"ಹಿಂದೆ ಅದಾರವ್ವಾ. ಒಂಚೂರೂ ಅಲ್ಲಾಡಿಲ್ಲ."

ತಾಡಪಾಲಿನ ಕೆಳಗೆ ಏನೋ ಮಿಸುಕಾಡುತ್ತಿತ್ತು. ಹಾಲಮ್ಮ ತಾಡಪಾಲು ಸರಿಸಿದಳು. ಓಂಕಾರಪ್ಪನವರು! ಭುಜಕ್ಕೊಂದು ಸುತ್ತು, ಸೊಂಟಕ್ಕೊಂದು ಸುತ್ತು, ಕಾಲಿಗೆ ಎರಡು ಸುತ್ತು ಹಗ್ಗ. ವಿಭೂತಿ ಮೂಗಿಗೆ ಇಳಿದಿತ್ತು. ಬಿಳಿ ಅಂಗಿ ಯಾವ ಬಣ್ಣಕ್ಕೆ ಬಂದಿತ್ತೋ ಹೇಳೋಕೆ ಬರುವುದಿಲ್ಲ.

"ಹಗ್ಗ ಬಿಚ್ಚಮ್ಮಾ ತಾಯಿ" ಅಂದರು ಅವರು, ಬಹಳ ಮೆಲ್ಲಗೆ. ಸಿಟ್ಟು ಅಷ್ಟು ದೂರ ಹೋದರೆ ದನಿ ಸಣ್ಣಗಾಗುತ್ತದೆ.

ಬಿಚ್ಚಿದರು, ಧೂಳು ಒರೆಸಿದರು, ಕುರ್ಚಿ ಹಾಕಿದರು. ಹಾಲಮ್ಮ ಕೈಮುಗಿದು ನಿಂತು, "ಗಾಡಿ ಒಂದಿಷ್ಟು ನೋಡ್ತೀರೇನ್ರೀ?" ಅಂದಳು.

"ಏನು ನೋಡೋದು? ಮಲಗಿಕೊಂಡೇ ಎಲ್ಲಾ ನೋಡಿ ಬಂದೀನಿ. ಹಿಂದಿನ ಸ್ಪ್ರಿಂಗ್ ಪಟ್ಟಾ ಎರಡೂ ಹೋಗ್ಯಾವೆ, ನನ್ನ ಸೊಂಟಕ್ಕೆ ಗೊತ್ತಾಗೈತೆ. ತಗಡು ಮಾತ್ರ ಗಟ್ಟಿ ಐತೆ, ಅದು ನನ್ನ ತಲೆಗೆ ಗೊತ್ತಾಗೈತೆ." ಓಂಕಾರಪ್ಪ ಮನುಷ್ಯ ಒಳ್ಳೆಯವರು, ವ್ಯಾಪಾರ ಅಂದರೆ ವ್ಯಾಪಾರ. "ಉದ್ದನೆ ಡೆಕ್ಕಿಂದು ಒಂದು ಐತೆ. ನಲವತ್ತಲ್ಲ, ನಲವತ್ತೈದು ಚೀಲ ಹಿಡಿತದೆ. ನಾಳೆ ನಿಮ್ಮ ಮನೆ ಮುಂದೆ ನಿಲ್ಲಿಸ್ತೀನಿ. ಒಂದು ದಿನ ನೋಡ್ರಿ. ಮನಸಾದ್ರೆ ಬದಲಿ ಮಾಡೋಣ. ಇಲ್ಲಾಂದ್ರೆ ವಾಪಸ್ ಕೊಡ್ರಿ. ನಾನು ನಡ್ಕಂಡೇ ಹೋಗ್ತೀನಿ, ಬ್ಯಾಡ, ಬ್ಯಾಡ, ಬಿಡಾಕೆ ಬರಬ್ಯಾಡ!"

ಅವರು ಗೇಟು ದಾಟಿದ್ದೇ ತಡ, ಹಾಲಮ್ಮ ಮಗನ ಕಿವಿ ಹಿಡಿದಳು. "ಮನೆಗೆ ಬಂದೋರಿಗೆ ಹಗ್ಗ ಬಿಗಿತಾರೇನಲೇ ಎಮ್ಮೆ! ಮನೆಗೆ ಬಂದೋರು ಅಂದ್ರೆ ದೇವರಿದ್ದಂಗೆ! ಕಾಲು ತೊಳೀಬೇಕು! ಕುಂಕುಮ ಇಡಬೇಕು! ಹೊಟ್ಟೆ ಬಿರಿಯಂಗೆ ಮಂಡಕ್ಕಿ ಮಿರ್ಚಿ ತಿನ್ನಿಸಬೇಕು! ಮ್ಯಾಲೆ ಚಾ ಕುಡಿಸಬೇಕು! ಸಂಕೋಚ ಮಾಡ್ಕಂಡ್ರೂ ಬಿಡಬಾರದು! ನಾಳೆ ಯಾರೇ ಬರ್ಲಿ, ನಾನಿರ್ಲಿ ಬಿಡ್ಲಿ, ಹಂಗೇ ಮಾಡ್ಬೇಕು!"

"ಯಾರೇ ಬರ್ಲಿ, ಹಂಗೇ ಮಾಡ್ತೀನವ್ವಾ."

ಶುಕ್ರವಾರ ಹಾಲಮ್ಮನ ಮನಸ್ಸು ಮತ್ತೆ ಡೋಲಾಯಮಾನ. ಗಂಡನ ಗಾಡಿ ಕೊಟ್ಟುಬಿಡಲೇ? ಅಕ್ಕನನ್ನು ಒಂದು ಮಾತು ಕೇಳಿ ಬರೋಣ ಅಂತ ಬೆಳಿಗ್ಗೆಯೇ ಅಕ್ಕನ ಮನೆಗೆ ಹೋದಳು. ಅಕ್ಕ, "ಕೊಡು" ಅಂದಳು. ಭಾವ, "ಕೊಡಬ್ಯಾಡ" ಅಂದ. ಅವರಿಬ್ಬರೂ ಅದಕ್ಕೇ ಜಗಳ ಹಚ್ಚಿಕೊಂಡರು. ಹಾಲಮ್ಮ ಎದ್ದು ಬಂದಳು. ಕೇಳೋಕೆ ಹೋದರೆ ಹೀಗೇ ಆಗೋದು.

ಇತ್ತ ಓಂಕಾರಪ್ಪನ ಕಡೆಯವರು ದೊಡ್ಡ ಪಿಕಪ್ ತಂದು ಮನೆ ಮುಂದೆ ನಿಲ್ಲಿಸಿ, ತಿಪ್ಪೇಶಿ ಕೈಗೆ ಬೀಗದ ಕೈ ಕೊಟ್ಟು ಹೋದರು. ತಿಪ್ಪೇಶಿ ಗಾಡಿಯ ಮುಂದೆ ನಿಂತ. ಮನೆಗೆ ಬಂದಿದೆ. ಯಾರೇ ಬಂದರೂ ಅಂತ ಅವ್ವ ಹೇಳಿದ್ದಾಳೆ. ಮತ್ತಿನ್ನೇನು?

"ಬರ್ರಿ, ಬರ್ರಿ" ಅಂದ. ಕಾಲು ತೊಳೆದ. ಕಾಲು ಎಷ್ಟು? ನಾಲ್ಕು. ಹಿಂದೆ ಒಂದು ಸ್ಟೆಪ್ನಿ ಜೋತಾಡುತ್ತಿತ್ತು, ಪಾಪ, ಕುಂಟು ಕಾಲು ಅಂತ ಅದನ್ನೂ ತೊಳೆದ. ಕುಂಕುಮ ಇಟ್ಟ. ಬುಟ್ಟಿ ತುಂಬ ಒಗ್ಗರಣೆ ಮಂಡಕ್ಕಿ ಕಲೆಸಿದ, ಅಂಗಡಿಯಿಂದ ಬಿಸಿ ಬಿಸಿ ಮಿರ್ಚಿ ತಂದ.

"ತಿನ್ರಿ."

ಗಾಡಿ ಸುಮ್ಮನಿತ್ತು.

"ಸಂಕೋಚ ಮಾಡ್ಕಬ್ಯಾಡ್ರಿ, ನಿಮ್ಮ ಮನೆ ಅಂತ ತಿಳ್ಕಳ್ರಿ."

ಗಾಡಿ ಸುಮ್ಮನೇ ಇತ್ತು. ಸಂಕೋಚ ಮಾಡಿಕೊಂಡರೂ ಬಿಡಬಾರದು! ಸುತ್ತ ಹುಡುಕಿದ, ಬಾಯಿ ಸಿಕ್ಕಿತು. ಡೀಸೆಲ್ ಟ್ಯಾಂಕಿನ ಮುಚ್ಚಳ ತಿರುಗಿಸಿ ತೆಗೆದ. ಒಂದು ಹಿಡಿ ಮಂಡಕ್ಕಿ, ಒಂದು ತುಂಡು ಮಿರ್ಚಿ. ಒಂದು ಹಿಡಿ ಮಂಡಕ್ಕಿ, ಒಂದು ತುಂಡು ಮಿರ್ಚಿ. ಗಂಟಲಿಗೆ ಸಿಕ್ಕಿಕೊಂಡಾಗ ಕೋಲಿನಿಂದ ದೂಡಿದ. "ನಿಧಾನ, ನಿಧಾನ, ಯಾರೂ ಕಸ್ಕಳಲ್ಲ" ಅಂದ. ಕೊನೆಗೆ ಒಂದು ಚೊಂಬು ಚಾ.

ಹಾಲಮ್ಮ ಬಂದಾಗ ತಿಪ್ಪೇಶಿ ಟವೆಲಿನಿಂದ ಗಾಡಿಯ ಬಾಯಿ ಒರೆಸುತ್ತಿದ್ದ.

"ಅವ್ವಾ, ಸುಸ್ತಾಗಿತ್ತೇನೋ, ಒಂದು ಬುಟ್ಟಿ ತಿಂತು ನೋಡು!"

ಹಾಲಮ್ಮ ಗ್ಯಾರೇಜಿಗೆ ಫೋನ್ ಮಾಡಿದಳು. ಜಬೀವುಲ್ಲಾ ಬಂದ, ಟ್ಯಾಂಕು ಬಿಚ್ಚಿದ. ಮೊದಲು ಮಂಡಕ್ಕಿ ಬಂತು, ಆಮೇಲೆ ಕರಿಬೇವು ಬಂತು, ಆಮೇಲೆ ಮಿರ್ಚಿ ಬಂತು. ಪೂರ್ತಿ ತೊಳೆಯೋಕೆ ಭಾನುವಾರ ಸಂಜೆಯಾಗುತ್ತದೆ ಅಂದ. ಸುದ್ದಿ ತಿಳಿದು ಓಂಕಾರಪ್ಪನವರೂ ಬಂದರು. ಟ್ಯಾಂಕು ನೋಡಿದರು, ಮಿರ್ಚಿ ನೋಡಿದರು, ತಿಪ್ಪೇಶಿಯಿಂದ ನಾಲ್ಕು ಹೆಜ್ಜೆ ದೂರ ಸರಿದು ನಿಂತರು.

"ಹಾಲಮ್ಮಾ, ಕೊಡಲೋ ಬ್ಯಾಡವೋ ಅಂತ ಯೋಚನೆ ಮಾಡ್ತಿದ್ದೆಯಲ್ಲ, ಆ ಕಷ್ಟ ಮುಗೀತು. ಎಂಜಲಾದ ಗಾಡಿ ನಾನು ವಾಪಸ್ ತಗಳಲ್ಲ. ನಿಮ್ಮನೇಲಿ ಉಂಡೈತೆ, ಇನ್ನ ಅದು ನಿಮ್ಮನೇದೇ. ಹಳೇದು ನನಗೆ ಕೊಡು."

ಹಾಗೆ ಗಾಡಿ ಬದಲಾಯಿತು. ಹಳೇ ಗಾಡಿ ಗೇಟು ದಾಟುವಾಗ ಹಾಲಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಹನ್ನೊಂದು ವರ್ಷ ಗಂಡ ಇಲ್ಲದಿದ್ದರೂ ಬೆಳಿಗ್ಗೆ ಎದ್ದು ಆ ಗಾಡಿಯ ಹಾರನ್ ಕೇಳಿದರೆ ಅವನೇ ಹೊರಟ ಹಾಗೆ ಅನಿಸುತ್ತಿತ್ತು ಅವಳಿಗೆ. ಅತ್ತು ಮುಗಿಸಿ, ಕಣ್ಣೊರೆಸಿಕೊಂಡು, ಮಗನ ಕಡೆ ತಿರುಗಿದಳು.

"ಕೇಳಲೇ ಇಲ್ಲಿ! ಇನ್ನ ಮ್ಯಾಲೆ ಈ ಗಾಡಿಗೆ ಮಂಡಕ್ಕಿ ಹಾಕೀಯ, ಹುಷಾರ್! ಒಂದು ಕಾಳು! ಒಂದೇ ಒಂದು ಕಾಳು ಹಾಕಿದ್ರೂ ಕೈ ಮುರಿದು ಒಲೆಗೆ ಇಕ್ತೀನಿ!"

"ಒಂದು ಕಾಳೂ ಹಾಕಲ್ಲವ್ವಾ. ನಿನ್ನಾಣೆ."

ಈಗ ನೀವು ನಗುತ್ತಿದ್ದೀರಿ. ಹಾಲಮ್ಮನಿಗೆ ಹೊಳೆಯಲಿಲ್ಲ, ಪಾಪ. ಅವಳ ಕಣ್ಣಲ್ಲಿ ಸೋಮವಾರ ಒಂದೇ ಕುಣಿಯುತ್ತಿತ್ತು.

ಸೋಮವಾರ ಬಂತು. ರಸ್ತೆ ಬದಿಯ ಶೆಡ್ಡಿನಲ್ಲಿ ನಲವತ್ತು ಚೀಲ, ಬಾಯಿ ಹೊಲಿದು ಸಾಲಾಗಿ ನಿಂತಿದ್ದವು. ಆರೂ ಹೆಂಗಸರು ಎರಡು ದಿನ ಬೆನ್ನು ನೆಟ್ಟಗೆ ಮಾಡಿರಲಿಲ್ಲ. ಹಾಲಮ್ಮ ಭಟ್ಟಿ ಮುಂದೆ ಕೂತವಳು ಅಲ್ಲಿಂದಲೇ ಕೂಗಿದಳು. "ತಿಪ್ಪೇಶೀ! ಹೊತ್ತಾತು, ಹರಿಹರಕ್ಕೆ ಹೊರಡು! ಸಾಹೇಬ್ರು ದಾರಿ ಕಾಯ್ತಿರ್ತಾರೆ!"

"ಹೇಳಿದಂಗೇ ಮಾಡ್ತೀನವ್ವಾ!"

ಗಾಡಿ ಭರ್ರನೆ ಹೋಯಿತು. ಅರ್ಧ ಗಂಟೆಗೆ ಹಾಲಮ್ಮನ ಫೋನು ಬಡಿದುಕೊಂಡಿತು. ಮೈನುದ್ದೀನ್ ಸಾಹೇಬರು.

"ಹಾಲಮ್ಮಾರೆ, ನಿಮ್ಮ ಮಗ ಬಂದಾನೆ."

"ಬಂದನೇನ್ರೀ! ನಲವತ್ತು ಚೀಲ ಸರಿ ಅದಾವಾ?"

"ಚೀಲ ಇಲ್ಲಮ್ಮಾ. ನಲವತ್ತು ಚೀಲದಷ್ಟು ಜಾಗ ತಂದಾನೆ."

ಹಿಂದಿನಿಂದ ತಿಪ್ಪೇಶಿಯ ದನಿ ಕೇಳಿತು. "ಬೇಕಾದ್ರೆ ಗುಡಿಸಿ ನೋಡ್ರಿ ಸಾಹೇಬ್ರೆ, ಒಂದು ಕಾಳೂ ಹಾಕಿಲ್ಲ!"

ಹಾಲಮ್ಮ ಸಾಹೇಬರಿಗೆ ಕೈಮುಗಿದಳು. ಫೋನಿನಲ್ಲಿ ಕಾಣುವುದಿಲ್ಲ, ಆದರೂ ಮುಗಿದಳು. "ಹೊತ್ತು ಮುಳುಗೋ ಒಳಗೆ ಮುಟ್ಟಿಸ್ತೀನ್ರೀ, ಕೈ ಬಿಡಬ್ಯಾಡ್ರಿ. ಭಟ್ಟಿ ಆರಿದ್ರೆ ನಾವು ಏಳು ಜನ ಬೀದಿಗೆ ಬೀಳ್ತೀವಿ."

"ಆಯ್ತಮ್ಮಾ, ಹೊತ್ತು ಮುಳುಗೋತನಕ ನೋಡ್ತೀನಿ. ಆಮ್ಯಾಲೆ ಮಿಷನ್ನೋರಿಗೆ ಫೋನ್ ಮಾಡೋದೇ. ನನಗೂ ಅಂಗಡಿ ಐತೆ."

"ಆ ದರಿದ್ರದವನಿಗೆ ಒಂಚೂರು ಫೋನ್ ಕೊಡ್ರಿ."

ಫೋನು ತಿಪ್ಪೇಶಿ ಕಿವಿಗೆ ಬಂತು. ಹಾಲಮ್ಮ ಕೂಗಿದ ಕೂಗಿಗೆ ಫೋನು ಇಲ್ಲದಿದ್ದರೂ ಹರಿಹರಕ್ಕೆ ಕೇಳುತ್ತಿತ್ತು.

"ಲೇ ಮಂಕೇ! ಖಾಲಿ ಗಾಡಿ ಓಡಿಸ್ತಾರೇನಲೇ! ಮಂಡಕ್ಕಿ ಹೇರದೆ ಆ ಗಾಡಿ ಒಂದು ಗೇಣು ಅಲ್ಲಾಡಬಾರದು! ನಮ್ಮ ಶೆಡ್ಡಿನಲ್ಲಿರೋ ನಲವತ್ತೂ ಚೀಲ ಅದಕ್ಕೆ ಹೇರಿದ ಮ್ಯಾಲೇ ಗಾಡಿ ಎಬ್ಬಿಸ್ಬೇಕು! ತಿಳೀತಾ?"

"ತಿಳೀತವ್ವಾ. ಹೇರೋತನಕ ಗಾಡಿ ಅಲ್ಲಾಡಲ್ಲ."

ತಿಪ್ಪೇಶಿ ಸಾಹೇಬರ ಅಂಗಡಿ ಮುಂದೆ ಗಾಡಿಗೆ ಹ್ಯಾಂಡ್ ಬ್ರೇಕ್ ಹಾಕಿದ. ನಾಲ್ಕೂ ಗಾಲಿಗೆ ಕಲ್ಲು ಕೊಟ್ಟ. ಅಲ್ಲಾಡಬಾರದಲ್ಲ! ಬಸ್ಸು ಹತ್ತಿದ, ದಾವಣಗೆರೆಗೆ ಬಂದ. ಚೀಲ ಇಲ್ಲಿ, ಗಾಡಿ ಅಲ್ಲಿ. ಏನು ಮಾಡೋದು? ನೇರ ಓಂಕಾರಪ್ಪನವರ ಜಾಗಕ್ಕೆ ಹೋದ.

ಓಂಕಾರಪ್ಪ ಅವನನ್ನು ನೋಡಿದ ಕೂಡಲೇ ಕುರ್ಚಿ ಹಿಂದೆ ಹೋದರು. "ಹಗ್ಗ ತಂದೀಯೇನಲೇ?"

"ಇಲ್ರೀ. ನಮ್ಮ ಹಳೇ ಗಾಡಿ ಒಂದು ಹೊತ್ತು ಕೊಡ್ರಿ. ಅವ್ವನ ಕೆಲಸ."

"ತಗಂಡು ಹೋಗಪ್ಪಾ. ಕೀ ಅದ್ರಲ್ಲೇ ಐತೆ. ನನ್ನ ಮಾತ್ರ ಕರೀಬ್ಯಾಡ."

ಶೆಡ್ಡಿಗೆ ಬಂದ. ಇಪ್ಪತ್ತೆರಡು ಚೀಲ ಹೇರಿದ, ಮೆಲ್ಲಗೆ, ಒಂದನ್ನೂ ತುಳಿಯದೆ. ಹರಿಹರಕ್ಕೆ ಹೋದ. ಸಾಹೇಬರ ಅಂಗಡಿ ಮುಂದೆ ಇಪ್ಪತ್ತೆರಡೂ ಇಳಿಸಿದ. ಇಳಿಸಿದ್ದನ್ನು ಎತ್ತಿ ದೊಡ್ಡ ಗಾಡಿಗೆ ಹೇರಿದ. ಅಂಗಡಿಯ ಹಮಾಲ ನಿಂತು ನೋಡಿದ.

"ಅಣ್ಣಾ, ಅಂಗಡಿ ಈ ಕಡೆ ಐತೆ."

"ಗೊತ್ತೈತಪ್ಪಾ. ಗಾಡಿ ಈ ಕಡೆ ಐತೆ."

ಸಾಹೇಬರು ಗಲ್ಲಾದಿಂದ ಕತ್ತು ಚಾಚಿದರು. ನಲವತ್ತೂ ಬಂದ ಮೇಲೆ ಒಟ್ಟಿಗೇ ಇಳಿಸುತ್ತಾನೇನೋ, ಬಿಸಿಲಿಗೆ ಬೇಡ ಅಂತ ಗಾಡೀಲಿಟ್ಟಿದ್ದಾನೇನೋ ಅಂದುಕೊಂಡು ನಮಾಜಿಗೆ ಹೋದರು. ತಿಪ್ಪೇಶಿ ಮತ್ತೆ ಹಳೇ ಗಾಡಿ ತಿರುಗಿಸಿದ. ಮತ್ತೆ ದಾವಣಗೆರೆ, ಮತ್ತೆ ಶೆಡ್ಡು, ಉಳಿದ ಹದಿನೆಂಟು ಚೀಲ, ಮತ್ತೆ ಹರಿಹರ. ಇಳಿಸಿದ, ಹೇರಿದ. ಇಳಿಸಿದ, ಹೇರಿದ.

ಶೆಡ್ಡು ಖಾಲಿಯಾದದ್ದು ನೋಡಿದ ಹೆಂಗಸರು ಭಟ್ಟಿ ಮನೆಗೆ ಓಡಿದರು. "ಹಾಲಮ್ಮಕ್ಕಾ, ನಲವತ್ತೂ ಹೋದವು! ಒಂದೂ ಉಳಿದಿಲ್ಲ!"

ಹಾಲಮ್ಮನಿಗೆ ಹೋದ ಜೀವ ಬಂದ ಹಾಗಾಯಿತು. ಬಯ್ದದ್ದಕ್ಕೆ ಬೇಜಾರೂ ಆಯಿತು. ಎಷ್ಟಾದರೂ ಹೆತ್ತ ಮಗ. ಪೆದ್ದನಾದರೂ ಹೊತ್ತಿಗೆ ಮುಟ್ಟಿಸಿದನಲ್ಲ! ನಾಳೆಯ ಚೀಲಕ್ಕೆ ಬತ್ತ ಅಳೆಸಿದಳು. ಮಗನಿಗೆ ಇಷ್ಟ ಅಂತ ಶಾವಿಗೆ ಪಾಯಸಕ್ಕೆ ಇಟ್ಟಳು.

ಹೊತ್ತು ಇನ್ನೂ ಒಂದಾಳು ಎತ್ತರ ಇರುವಾಗ ಮನೆ ಮುಂದೆ ಹಾರನ್ ಆಯಿತು. ಹಾಲಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

ದೊಡ್ಡ ಗಾಡಿ ನಿಂತಿತ್ತು. ಅದರ ತುಂಬ ಚೀಲ. ನಲವತ್ತು ಚೀಲ.

ಮುಂದಿನ ಬಾಗಿಲು ತೆರೆಯಿತು. ಇಳಿದದ್ದು ಮೈನುದ್ದೀನ್ ಸಾಹೇಬರು! ಒಂದು ಕಾಲಿಗೆ ಚಪ್ಪಲಿ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಕೈಯಲ್ಲಿ ಒಂದು ಹಿಡಿ ಮಂಡಕ್ಕಿ.

"ಹಾಲಮ್ಮಾರೆ, ನಾನು ನಮಾಜ್ ಮುಗಿಸ್ಕಂಡು ಬರ್ತೀನಿ, ನಲವತ್ತೂ ಚೀಲ ಗಾಡೀಲಿ ಅದಾವೆ. ಶಹಬ್ಬಾಸ್, ಇಳಿಸಪ್ಪಾ ಅಂದೆ. ಹೇರಿದ ಮ್ಯಾಲೆ ಎಬ್ಬಿಸ್ಬೇಕು ಅಂತ ಅವ್ವ ಹೇಳ್ಯಾಳೆ ಅಂತ ಗಾಡಿ ಎಬ್ಬಿಸಿಬಿಟ್ಟ! ನಿಲ್ಲಿಸಾಕೆ ಅಂತ ನಾನು ಹತ್ತಿದೆ, ನನ್ನೂ ತಂದ. ನಿಮ್ಮ ಹಳೇ ಗಾಡಿ ನನ್ನ ಅಂಗಡಿ ಮುಂದೆ ನಿಂತೈತೆ. ನನ್ನ ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಿಲ್ಲ."

ಹಾಲಮ್ಮ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಮುಗಿಯಿತು, ಭಟ್ಟಿ ಆರಿತು ಅಂದುಕೊಂಡಳು. ಹೊತ್ತು ಮುಳುಗೋಕೆ ಇನ್ನೇನು ಬಾಕಿ ಇತ್ತು!

ಸಾಹೇಬರು ಕೈಲಿದ್ದ ಮಂಡಕ್ಕಿ ಬಾಯಿಗೆ ಹಾಕಿಕೊಂಡರು. "ಅಳಬ್ಯಾಡ್ರಿ. ಮಧ್ಯಾಹ್ನ ಉಂಡಿರಲಿಲ್ಲ, ಹಿಂದಿನ ಕಿಟಕಿಯಿಂದ ಕೈ ಹಾಕಿ ಒಂದು ಚೀಲ ಬಿಚ್ಚಿ ದಾರಿ ಉದ್ದಕ್ಕೂ ತಿನ್ಕಂತ ಬಂದೀನಿ. ಇಷ್ಟು ವರ್ಷ ಮಾರಿದ್ದೇ ಆತು, ಕುಂತು ತಿಂದಿದ್ದು ಇವತ್ತೇ. ಮಿಷನ್ ಮಂಡಕ್ಕಿ ನಾಲಿಗೆಗೆ ಅಂಟ್ತದೆ. ಇದು ಕುರುಂ ಅಂತದೆ. ನಾನು ಬ್ಯಾರೆ ಎಲ್ಲೂ ಹೋಗಲ್ಲಮ್ಮಾ. ನಾಳೆಯಿಂದ ನನ್ನ ಡ್ರೈವರನ್ನ ಕಳಿಸ್ತೀನಿ, ಈ ಚೀಲಾನೂ ಅವನೇ ಒಯ್ತಾನೆ, ಈ ಗಾಡೀನೂ ಅವನೇ ಓಡಿಸ್ತಾನೆ. ನಿಮ್ಮ ಮಗನಿಗೆ ಮಾತ್ರ ಏನೂ ಹೇಳಬ್ಯಾಡ್ರಿ. ಹೇಳಿದ್ರೆ ಮಾಡಿಬಿಡ್ತಾನೆ."

ಹಾಲಮ್ಮ ಅಳುತ್ತಲೇ ನಕ್ಕಳು, ನಗುತ್ತಲೇ ಸೌಟು ಎತ್ತಿದಳು. "ತಿಪ್ಪೇಶೀ, ಏನಲೇ ಮಾಡಿದೆ ಇದು! ಅಲ್ಲಿ ತನಕ ಒಯ್ದು ಯಾಕಲೇ ತಿರುಗಿ ತಂದೆ!"

ತಿಪ್ಪೇಶಿ ಗಾಡಿಯಿಂದ ಇಳಿದ. ಬೆವರು ಒರೆಸಿಕೊಂಡ. ದೊಡ್ಡ ಗಾಡಿಯ ಬೆನ್ನನ್ನು ಪಟಪಟ ತಟ್ಟಿದ. ಅವನ ಮುಖದಲ್ಲಿ ಅಷ್ಟು ಹೆಮ್ಮೆ ಹಾಲಮ್ಮ ಅವತ್ತಿನ ತನಕ ನೋಡಿರಲಿಲ್ಲ.

"ಅವ್ವಾ, ಗಾಡಿ ಬದಲಿಸಿದ್ದು ಭಾಳ ಚಲೋ ಆತು ನೋಡು! ಹಳೇದ್ರಲ್ಲಿ ಒಯ್ಯಾಕೆ ಎರಡು ಸಲ ಬೇಕಾತು. ಇದು ನಲವತ್ತನ್ನೂ ಒಂದೇ ಸಲಕ್ಕೆ ವಾಪಸ್ ತಂತು!"